ಹಳದಿ ದೀಪ ಮತ್ತು ರೀಸೆಟ್ ಬಟನ್: ಒಂದು ಸಣ್ಣ ಇತಿಹಾಸ

ನಮ್ಮ ಕೊಂಢವಾದಲ್ಲಿ ಟೈರ್ ಅಂಗಡಿಗಳಿಗೆ ಬರಗಾಲವಿಲ್ಲ. ರಸ್ತೆಗಳ ಸ್ಥಿತಿ ನೋಡಿದವರಿಗೆ ಕಾರಣ ಹೇಳಬೇಕಾಗಿಯೂ ಇಲ್ಲ. ಈಚಿನ ವರ್ಷಗಳಲ್ಲಿ ಈ ಅಂಗಡಿಗಳ ಮುಂದೆ ಒಂದು ಹೊಸ ಮಾತು ಕೇಳಿಬರುತ್ತಿದೆ: "ಮೀಟರಿನಲ್ಲಿ ಹಳದಿ ದೀಪ ಬಂದಿದೆ, ಸ್ವಲ್ಪ ರೀಸೆಟ್ ಮಾಡಿಕೊಡಿ." ಕುದುರೆ ಲಾಳದಂಥ ಆಕಾರ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ನೀವೂ ನೋಡಿರಬಹುದು. ಅಂಗಡಿಯ ಹುಡುಗ ಎಲ್ಲೋ ಒಂದು ಬಟನ್ ಒತ್ತಿ ಹಿಡಿಯುತ್ತಾನೆ, ದೀಪ ಹೋಗುತ್ತದೆ, ಗಿರಾಕಿ ಖುಷಿ. ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕ ನೋಡಿದ ನನ್ನಂಥವನಿಗೆ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ. ದೀಪವೇನೋ ಹೋಯಿತು, ಟೈರಿನಲ್ಲಿ ಹವಾ ಎಷ್ಟಿತ್ತು?

(ಅಂದ ಹಾಗೆ, ನಮ್ಮ ಧಾರವಾಡದ ಕಡೆ ಟೈರಿಗೆ ಹಾಕುವುದು ಗಾಳಿಯಲ್ಲ, ಹವಾ. ಪುಣೆಯಲ್ಲೂ ಹವಾ. ಹಾಗಾಗಿ ಇಲ್ಲಿಗೆ ಬಂದ ಮೇಲೆ ನಾನು ಬದಲಿಸಬೇಕಾಗದ ಕೆಲವೇ ಶಬ್ದಗಳಲ್ಲಿ ಇದೂ ಒಂದು.)

ಹವಾ ತುಂಬಿದ ಟೈರಿಗೆ ಮೊದಲ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಜನ ಅದನ್ನು ಮರೆತೇಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಅವನ ಹೆಸರು ನಮ್ಮ ಹಳ್ಳಿಗಳವರೆಗೂ ಬಂತು. ಕಬ್ಬು ಸಾಗಿಸುವ ರಬ್ಬರ್ ಟೈರಿನ ಎತ್ತಿನ ಗಾಡಿಗೆ ನಮ್ಮ ಕಡೆ ಡನ್ಲಪ್ ಗಾಡಿ ಅಂತಲೇ ಹೆಸರಲ್ಲವೇ? ಕಬ್ಬಿಣದ ಪಟ್ಟಿಯ ಗಾಲಿಗೆ ಹವಾದ ಚಿಂತೆ ಇರಲಿಲ್ಲ. ಡನ್ಲಪ್ ಗಾಡಿಯ ಜೊತೆ ಆ ಚಿಂತೆಯೂ ಬಂತು.

ಆಗಿನ ಎಚ್ಚರಿಕೆ ವ್ಯವಸ್ಥೆ ಎಂದರೆ ಲಾರಿಯ ಕ್ಲೀನರ್. ಢಾಬಾದಲ್ಲಿ ಗಾಡಿ ನಿಂತಾಗ ಆತ ಕಬ್ಬಿಣದ ರಾಡ್ ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತ ಸುತ್ತು ಹಾಕುತ್ತಿದ್ದ. ತುಂಬಿದ ಟೈರಿನ ಸದ್ದೇ ಬೇರೆ, ಇಳಿದ ಟೈರಿನ ಸದ್ದೇ ಬೇರೆ. ಈಗಲೂ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಈ ದೃಶ್ಯ ಕಾಣಸಿಗುತ್ತದೆ. ಕಾರಿನವರಿಗೆ ಕ್ಲೀನರ್ ಇಲ್ಲ. ಕಣ್ಣಿಂದ ನೋಡೋಣವೆಂದರೆ ಈಗಿನ ರೇಡಿಯಲ್ ಟೈರು ಹವಾ ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. 33 ಪಿಎಸ್‌ಐ ಇರಬೇಕಾದಲ್ಲಿ 25 ಇದ್ದರೂ ಗೊತ್ತಾಗುವುದು ಕಷ್ಟ. ಆದರೆ ಹವಾ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಬೇಸಿಗೆಯಲ್ಲಿ, ಭಾರ ಹೇರಿಕೊಂಡು, ವೇಗವಾಗಿ ಓಡಿದರೆ ಒಳಗಿನ ಪದರಗಳೇ ಬಿಟ್ಟುಕೊಳ್ಳುತ್ತವೆ.

ಕಾರೇ ಚಾಲಕನಿಗೆ ಹವಾ ಇಳಿದಿದ್ದನ್ನು ಹೇಳುವ ವ್ಯವಸ್ಥೆ 1986ರಲ್ಲಿ ಪೋರ್ಷೆ 959 ಎಂಬ ಭಾರೀ ಬೆಲೆಯ ಕಾರಿನಲ್ಲಿ ಬಂತು. ಅದು ಶ್ರೀಮಂತರ ಸೌಕರ್ಯವಾಗಿಯೇ ಉಳಿಯುತ್ತಿತ್ತೋ ಏನೋ. ಸಾಮಾನ್ಯರ ಕಾರಿಗೆ ಅದನ್ನು ತಂದದ್ದು ಅಮೆರಿಕದ ಒಂದು ದುರಂತ.

ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಿತ್ತು ಬಂದು ಗಾಡಿಗಳು ಪಲ್ಟಿಯಾಗತೊಡಗಿದವು. ನನ್ನ ಗಮನ ಸೆಳೆದದ್ದು ಇದರ ಮೊದಲ ಅಧ್ಯಾಯ. ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ಸ್ಯಾಮ್ ಬಾಯ್ಡನ್ ಎಂಬ ನೌಕರ ಕ್ಲೇಮುಗಳ ಕಡತ ನೋಡುತ್ತ 21 ಪ್ರಕರಣಗಳಲ್ಲಿ ಒಂದೇ ಬಗೆಯ ಟೈರು ಇರುವುದನ್ನು ಗುರುತಿಸಿ, 1998ರಲ್ಲೇ ಸರಕಾರದ ರಸ್ತೆ ಸುರಕ್ಷತಾ ಇಲಾಖೆಗೆ ತಿಳಿಸಿದ. ಇಲಾಖೆ ತನಿಖೆ ಶುರು ಮಾಡಲಿಲ್ಲ. ಅಂದರೆ ಹಳದಿ ದೀಪ ಆಗಲೇ ಹೊತ್ತಿತ್ತು, ನೋಡಬೇಕಾದವರು ನೋಡಲಿಲ್ಲ. 2000ದ ಫೆಬ್ರವರಿಯಲ್ಲಿ ಹ್ಯೂಸ್ಟನ್‌ನ ಟಿವಿ ಚಾನೆಲ್ ಒಂದು ಸುದ್ದಿ ಮಾಡಿದ ಮೇಲೆ ಗದ್ದಲವೆದ್ದಿತು. ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ 65 ಲಕ್ಷ ಟೈರು ವಾಪಸ್ ಕರೆಯಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಸೂತಕ. ಅಮೆರಿಕ ಒಂದರಲ್ಲೇ ಈ ಟೈರುಗಳಿಗೆ ಸಂಬಂಧಿಸಿದ ಸಾವುಗಳ ಲೆಕ್ಕ 270 ದಾಟಿತು.

ಆಮೇಲೆ ಜಗಳ. ಟೈರಿನದೇ ದೋಷ ಅಂತ ಫೋರ್ಡ್, ಗಾಡಿಯದೇ ದೋಷ ಅಂತ ಫೈರ್‌ಸ್ಟೋನ್. ಜಗಳದ ನಡುವೆ ಹವಾದ ಅಂಕಿಯೂ ಇತ್ತು. ಫೋರ್ಡ್ ಹೇಳಿದ್ದು 26 ಪಿಎಸ್‌ಐ, ಫೈರ್‌ಸ್ಟೋನ್ ಹೇಳಿದ್ದು 30. ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಎಂಬ ಇಬ್ಬರು ಗೆಳೆಯರು ಬೆಳೆಸಿದ್ದ, ನೂರು ವರ್ಷಕ್ಕೆ ಹತ್ತಿರ ಬಂದಿದ್ದ ವ್ಯವಹಾರ 2001ರ ಮೇ ತಿಂಗಳಲ್ಲಿ ಮುರಿದುಬಿತ್ತು.

2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ 'ಟ್ರೆಡ್' ಎಂಬ ಕಾನೂನಿಗೆ ಸಹಿ ಹಾಕಿದರು. ಹೊಸ ಗಾಡಿಗಳಲ್ಲಿ ಹವಾ ಎಚ್ಚರಿಕೆಯ ದೀಪ ಇರಬೇಕು ಎಂಬುದು ಅದರಲ್ಲಿ ಒಂದು ಮಾತು. ಆದರೆ ಎಂಥ ದೀಪ? ಎರಡು ದಾರಿ ಇದ್ದವು. ಒಂದು, ಪ್ರತಿ ಗಾಲಿಯೊಳಗೆ ಸೆನ್ಸರ್ ಇಟ್ಟು ಒತ್ತಡವನ್ನು ನೇರವಾಗಿ ಅಳೆದು ರೇಡಿಯೊ ಮೂಲಕ ತಿಳಿಸುವುದು. ಇನ್ನೊಂದು ಅಗ್ಗದ ದಾರಿ. ಹವಾ ಇಳಿದ ಗಾಲಿಯ ಸುತ್ತಳತೆ ತುಸು ಕಡಿಮೆಯಾಗಿ ಅದು ಉಳಿದವಕ್ಕಿಂತ ಬೇಗ ತಿರುಗುತ್ತದೆ. ಎಬಿಎಸ್ ಬ್ರೇಕಿಗಾಗಿ ಹೇಗೂ ಇರುವ ವೇಗದ ಸೆನ್ಸರಿನಿಂದ ಅದನ್ನು ಊಹಿಸುವುದು. ಖರ್ಚಿನ ಲೆಕ್ಕ ಹಾಕಿದ ಸರಕಾರ 2002ರಲ್ಲಿ ಅಗ್ಗದ ದಾರಿಗೆ ಅನುಕೂಲವಾಗುವಂತೆ ನಿಯಮ ಸಡಿಲಿಸಿತು: ಒಂದೇ ಟೈರಿನಲ್ಲಿ ಶೇಕಡ 30 ಇಳಿದಾಗ ಹೇಳಿದರೂ ನಡೆಯುತ್ತದೆ. ನಾಲ್ಕೂ ಟೈರು ಒಟ್ಟಿಗೆ ಇಳಿದರೆ? ನಾಲ್ಕೂ ಒಂದೇ ವೇಗದಲ್ಲಿ ತಿರುಗುತ್ತವೆ, ದೀಪ ಸುಮ್ಮನಿರುತ್ತದೆ! 'ಪಬ್ಲಿಕ್ ಸಿಟಿಜನ್' ಎಂಬ ನಾಗರಿಕ ಸಂಸ್ಥೆ ಮತ್ತಿತರರು ಕೋರ್ಟಿಗೆ ಹೋದರು. 2003ರ ಆಗಸ್ಟ್‌ನಲ್ಲಿ ಕೋರ್ಟು ಆ ಸಡಿಲಿಕೆ ಕಾನೂನಿಗೆ ವಿರುದ್ಧ ಅಂದಿತು. 2005ರಲ್ಲಿ ಬಂದ ಅಂತಿಮ ನಿಯಮದ ಪ್ರಕಾರ ಒಂದಾಗಲಿ ನಾಲ್ಕಾಗಲಿ, ಶೇಕಡ 25 ಇಳಿದರೆ 20 ನಿಮಿಷದೊಳಗೆ ದೀಪ ಬರಬೇಕು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು, 2014ರ ನವೆಂಬರಿನಿಂದ ಯುರೋಪಿನಲ್ಲೂ.

ನಮ್ಮ ದೇಶಕ್ಕೆ ಇದು ಬಂದದ್ದು ಬೇರೆ ಬಾಗಿಲಿನಿಂದ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ ಮತ್ತು ಈ ಎಚ್ಚರಿಕೆ ವ್ಯವಸ್ಥೆ ಇದ್ದರೆ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಅಂದಿತು. ಎಲ್ಲ ಕಾರಿಗೂ ಕಡ್ಡಾಯ ಮಾಡಲಿಲ್ಲ. ಈ ವ್ಯವಸ್ಥೆ ಹೇಗಿರಬೇಕು ಎಂದು ಹೇಳುವ ಎಐಎಸ್-154 ಮಾನದಂಡ ಪ್ರಕಟವಾದದ್ದು ನಮ್ಮ ಪುಣೆಯಿಂದಲೇ, ಕೋಥರೂಡ್ ಪಕ್ಕದ ವೇತಾಳ ಟೇಕಡಿಯ ಮೇಲಿರುವ ಎಆರ್‌ಎಐ ಸಂಸ್ಥೆಯಿಂದ. ಬೆಳಿಗ್ಗೆ ಆ ಗುಡ್ಡಕ್ಕೆ ವಾಕಿಂಗ್ ಹೋಗುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಈಗ ರೀಸೆಟ್ ವಿಷಯ. ಅಗ್ಗದ ದಾರಿಯ ವ್ಯವಸ್ಥೆಗೆ ಟೈರಿನಲ್ಲಿ ಎಷ್ಟು ಹವಾ ಇರಬೇಕು ಅಂತ ತಾನಾಗಿ ಗೊತ್ತಿಲ್ಲ. ನೀವು ಬಟನ್ ಒತ್ತಿದಾಗ "ಈಗಿರುವುದೇ ಸರಿ, ಇದನ್ನೇ ನೆನಪಿಟ್ಟುಕೋ" ಅಂತ ಅದಕ್ಕೆ ಹೇಳಿದಂತೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದು ಓಪನಿಂಗ್ ಬ್ಯಾಲೆನ್ಸ್. ಲೆಕ್ಕ ನೋಡಿ: ಇರಬೇಕಾದದ್ದು 33. ಶೇಕಡ 25 ಇಳಿದು ಸುಮಾರು 25 ಆದಾಗ ದೀಪ ಬಂತು ಅಂದುಕೊಳ್ಳಿ. ಹವಾ ತುಂಬದೆ ರೀಸೆಟ್ ಒತ್ತಿದಿರಿ. ಈಗ ಕಾರಿನ ಪಾಲಿಗೆ 25 ಅಂದರೇ ಪೂರ್ತಿ. ಇನ್ನು ಅದು ಎಚ್ಚರಿಸುವುದು ಮತ್ತೆ ಕಾಲು ಭಾಗ ಇಳಿದು 19ರ ಆಸುಪಾಸಿಗೆ ಬಂದಾಗ! ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಟ್ಟು ಖಾತೆಯನ್ನು ಚೊಕ್ಕಟವಾಗಿ ತೋರಿಸುವುದನ್ನು ನಾವು ಬ್ಯಾಂಕಿನವರು ಬಲ್ಲೆವು. ಪುಸ್ತಕದಲ್ಲಿ ಎಲ್ಲ ಸರಿ, ತಿಜೋರಿಯಲ್ಲಿ ಮಾತ್ರ ಹಣವಿಲ್ಲ.

ಹಾಗಾದರೆ ಕ್ರಮ ಯಾವುದು? ಗಾಡಿ ಮೂರು ತಾಸು ನಿಂತು ಟೈರು ತಣ್ಣಗಾಗಿರಲಿ. ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಅಂಕಿಗೆ ನಾಲ್ಕೂ ಟೈರು ತುಂಬಿಸಿ. ಪಂಕ್ಚರ್ ಇದ್ದರೆ ಮೊದಲು ಅದನ್ನು ಹಾಕಿಸಿ. ಆಮೇಲೆ ರೀಸೆಟ್. ಕೆಲವು ಕಾರಿನಲ್ಲಿ ಬಟನ್, ಕೆಲವದರಲ್ಲಿ ಪರದೆಯ ಮೆನು, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಹೊಸ ಲೆಕ್ಕ ಕಲಿಯಲು ಅದಕ್ಕೆ ಸ್ವಲ್ಪ ಹೊತ್ತು ಓಡಾಟ ಬೇಕು. ಗಾಲಿಯೊಳಗೇ ಸೆನ್ಸರ್ ಇರುವ ಕಾರಿನಲ್ಲಿ ಸಾಮಾನ್ಯವಾಗಿ ಹವಾ ತುಂಬಿಸಿ ಓಡಿಸಿದರೆ ದೀಪ ತಾನೇ ಹೋಗುತ್ತದೆ. ಗಾಡಿ ಶುರು ಮಾಡಿದಾಗ ದೀಪ ಒಂದು ನಿಮಿಷ ಮಿಣುಕಿ ಆಮೇಲೆ ಹಾಗೇ ನಿಂತರೆ ಅದು ವ್ಯವಸ್ಥೆಯದೇ ದೋಷ. ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಬಟನ್ ಒತ್ತಿ ಪ್ರಯೋಜನವಿಲ್ಲ. ಡಿಸೆಂಬರಿನ ಚಳಿಯ ಬೆಳಿಗ್ಗೆ ದೀಪ ಬಂದರೆ ಗಾಬರಿ ಬೇಡ, ಉದಾಸೀನವೂ ಬೇಡ. ಐದಾರು ಡಿಗ್ರಿ ತಂಪಾದರೆ ಒಂದು ಪಿಎಸ್‌ಐ ಇಳಿಯುತ್ತದೆ, ಅಳೆದು ತುಂಬಿಸಿ.

ಹಬ್ಬಕ್ಕೆ ಊರಿಗೆ ಹೊರಡುವವರೇ, ಖಂಬಾಟಕಿ ಘಾಟ್ ಇಳಿಯುವಾಗ ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುತ್ತಾರೆ. ಮೊದಲು ಗೇಜು, ಆಮೇಲೆ ಹವಾ, ಕೊನೆಗೆ ಬಟನ್. ಕ್ಯಾಶ್ ಎಣಿಸದೆ ಕ್ಯಾಶ್ ಬುಕ್ಕಿಗೆ ಸಹಿ ಹಾಕಬೇಡಿ.