ಒಂದೇ ಹೊಲಕ್ಕೆ ಎರಡು ಲೆಕ್ಕ

ಪ್ರಿಸಿಷನ್ ಫಾರ್ಮಿಂಗ್ ಅಂದ ತಕ್ಷಣ ನಮ್ಮ ಜನ ಡ್ರೋನ್, ಸೆನ್ಸಾರ್, ಲಕ್ಷಗಟ್ಟಲೆ ದುಡ್ಡು ಅಂತ ಎದ್ದು ಹೋಗ್ತಾರೆ. ಅದು ಹುಟ್ಟಿದ್ದು ಹಂಗಲ್ಲ.

1929ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಲಿನ್ಸ್‌ಲಿ, ಬಾವರ್ ಅನ್ನೋ ಇಬ್ಬರು ರೈತರಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆದ್ರು. ಹೊಲದಲ್ಲಿ ಅಲ್ಲಲ್ಲಿ ಅಳತೆ ಪ್ರಕಾರ ಮಣ್ಣು ತೆಗೀರಿ, ಹುಳಿ ಎಲ್ಲಿ ಜಾಸ್ತಿ ಅಂತ ನಕ್ಷೆ ಬರ್ಕೊಳ್ಳಿ, ಸುಣ್ಣ ಬೇಕಾದ ಕಡೆಗೆ ಮಾತ್ರ ಹಾಕಿ ಅಂತ. ಕಂಪ್ಯೂಟರ್ ಇಲ್ಲ, ಉಪಗ್ರಹ ಇಲ್ಲ. ಆಮೇಲೆ ದೊಡ್ಡ ಟ್ರ್ಯಾಕ್ಟರು, ಚೀಲದ ಗೊಬ್ಬರ ಬಂದು ಇಡೀ ಹೊಲಕ್ಕೆ ಒಂದೇ ಅಳತೆ ಚೆಲ್ಲೋದು ಸಲೀಸಾಯ್ತು. ಜಿಪಿಎಸ್ ಬಂದ ಮೇಲೆ ಹಳೇ ಯೋಚನೆ ಮತ್ತೆ ಎದ್ದಿತು. ಅದನ್ನೂ 2000ನೇ ಇಸವಿ ಮೇ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಬೇಕಂತಲೇ ಕೆಡಿಸಿ ಕೊಡ್ತಿತ್ತು, 100 ಮೀಟರ್ ತನಕ ತಪ್ಪು ಬರೋದು. ಚೌಕವಾದ ಒಂದು ಎಕರೆಯ ಬದಿ 64 ಮೀಟರ್ ಕೂಡ ಇಲ್ಲ. ನಿಮ್ಮ ಟೊಮೊಟೊ ಪಕ್ಕದೋನ ಹೊಲದಲ್ಲಿದೆ ಅಂತ ತೋರಿಸೋ ಯಂತ್ರ ಇಟ್ಕೊಂಡು ಏನು ಮಾಡೋದು!

ನಮಗೆ ಹತ್ತಿರದ ಕತೆ ಗಡಿ ಆಚೆ ಧರ್ಮಪುರಿ, ಕೃಷ್ಣಗಿರಿಯದು. 2004ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದೋರು ಅಲ್ಲಿ 400 ಹೆಕ್ಟೇರ್ ತರಕಾರಿಗೆ ಯೋಜನೆ ತಂದ್ರು. ವರ್ಷಗಟ್ಟಲೆ ಬರ ಕಂಡಿದ್ದ ರೈತರು ಮೊದಲು ಹಿಂಜರಿದ್ರು. ಉಳಿ ನೇಗಿಲಲ್ಲಿ ಗಟ್ಟಿ ಪದರ ಒಡೆಯೋದು, ಟ್ರೇಯಲ್ಲಿ ಸಸಿ, ಡ್ರಿಪ್ ಪೈಪಲ್ಲೇ ಕರಗೋ ಗೊಬ್ಬರ, ರೈತರ ಸಂಘ ಕಟ್ಟಿ ಒಟ್ಟಿಗೆ ಮಾರಾಟ. ನಾವು ಈಗ ದಿನಾ ಮಾಡೋ ಕೆಲಸವೇ. ಆದ್ರೆ ನನ್ನ ಲೆಕ್ಕದಲ್ಲಿ ಅದು ಅರ್ಧ ಮಾತ್ರ. ಬೇರಿಗೆ ಅಳತೆ ಕಲಿಸಿತು, ಹೊಲದೊಳಗಿನ ಏರುಪೇರಿಗೆ ನಕ್ಷೆ ಕಲಿಸಲಿಲ್ಲ.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲೂ ಅದೇ ಕೊರತೆ. ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ. ಅಂದ್ರೆ ಆರು ಎಕರೆ ಮೇಲೆ. ನಮ್ಮ ಕಡೆ ಅಷ್ಟರಲ್ಲಿ ನಾಲ್ಕೈದು ಮನೆ ಜಮೀನು ಇರ್ತದೆ. ನಿಮ್ಮ ಚೀಟಿಯಲ್ಲಿರೋ ಪೊಟ್ಯಾಷ್ ಯಾರ ಮಣ್ಣಿಂದೋ!

ನಮ್ಮದು ಎಕರೆ ಹತ್ತು ಗುಂಟೆ. ಮೇಲ್ಗಡೆ ಗರಸು, ನೀರು ನಿಲ್ಲಲ್ಲ. ಕೆರೆ ಕಡೆ ಜಿಗಟು, ಅದೇ ನೀರಿಗೆ ಬೇರು ಕೊಳೀತದೆ. ಅದಕ್ಕೆ ಡ್ರಿಪ್ಪಿಗೆ ಎರಡು ವಾಲ್ವ್ ಹಾಕ್ಸಿದೀನಿ. ಮೇಲಿನದಕ್ಕೆ ದಿನಾ ಸ್ವಲ್ಪ ಸ್ವಲ್ಪ, ಕೆಳಗಿನದಕ್ಕೆ ದಿನ ಬಿಟ್ಟು ದಿನ. ಬೋರ್ ನೀರು ಇಳೀತಿರೋ ಕಾಲದಲ್ಲಿ ಇಷ್ಟಾದ್ರೂ ಬೇಕು.

ಈ ಸಲ ನಾಟಿಗೆ ಮುಂಚೆ ಎರಡೂ ಕಡೆ ಮಣ್ಣು ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕೊಡ್ತೀನಿ. ಬರೋ ಸೋಮವಾರ ಹೋಗ್ತಿದೀನಿ, ಕೊಡೋರು ಭಾನುವಾರ ಸಂಜೆಯೊಳಗೆ ತಂದುಕೊಡಿ. ಚೀಲದ ಮೇಲೆ ಮೇಲ್ಗಡೆಯೋ ಕೆಳಗಡೆಯೋ ಬರೆದಿರಲಿ.