ಉಳಿ ಮೇಲಿನ ನಂಬರ್ (ಭಾಗ 3)

ಹನ್ನೆರಡು ಉಳಿ, 649 ರೂಪಾಯಿ. ಸೆಮಿಸ್ಟರ್ ರಜೆಯಲ್ಲಿ ಮರದ ಕೆತ್ತನೆ ಕಲಿಯೋಣ ಅಂತ ಆನ್‌ಲೈನಲ್ಲಿ ತರಿಸಿದ ಸೆಟ್ ಇದು, ಮೊದಲ ಫೋಟೋದಲ್ಲಿದೆ. ಎರಡನೇ ಫೋಟೋ ಝೂಮ್ ಮಾಡಿ ನೋಡಿ. ಮೂರೇ ದಿನಕ್ಕೆ ಉಳಿಯ ಬಾಯಿ ಮಡಚಿಕೊಂಡಿದೆ.

ನಮ್ಮ ಬೀದಿಯ ಆಚಾರ್ರಿಗೆ ತೋರಿಸಿದೆ. ಉಗುರಲ್ಲಿ ಒಂದ್ಸಲ ತಟ್ಟಿ ನೋಡಿದ್ರು. "ಇದು ಉಕ್ಕಲ್ಲ ಕಣಮ್ಮ. ಹನ್ನೆರಡು ಯಾಕ್ ಬೇಕಿತ್ತು? ಎರಡೇ ತಗೋ, ಒಳ್ಳೇದು ತಗೋ" ಅಂದ್ರು.

ಯಾವ ಎರಡು ಅಂತ ಹುಡುಕ್ತಾ ಹೋದವಳು ಇಂಗ್ಲೆಂಡಿನ ಶೆಫೀಲ್ಡ್ ಊರಿಗೆ ಹೋಗಿ ನಿಂತೆ.

ಒಳ್ಳೆ ಕೆತ್ತನೆ ಉಳಿ ಮೇಲೆ 3, 9, 39 ಅಂತ ಒಂದು ನಂಬರ್ ಇರುತ್ತೆ. ನಾನು ಅದನ್ನ ಸೈಜ್ ಅಂದ್ಕೊಂಡಿದ್ದೆ. ಅದು ಬಾಯಿಯ ಆಕಾರ. 19ನೇ ಶತಮಾನದಲ್ಲಿ ಶೆಫೀಲ್ಡಿನ ಉಪಕರಣ ತಯಾರಕರು ಬಳಕೆಗೆ ತಂದ ಪಟ್ಟಿಯಲ್ಲಿ 1 ಅಂದ್ರೆ ನೇರ ಬಾಯಿ, 2 ಓರೆ ಬಾಯಿ. 3 ಬಹುತೇಕ ಚಪ್ಪಟೆ, ಕಣ್ಣಿಗೆ ಕಂಡೂ ಕಾಣದಷ್ಟು ಬಾಗು. ಅಲ್ಲಿಂದ ಬಾಗು ಏರ್ತಾ ಹೋಗಿ 9ಕ್ಕೆ ಬಂದಾಗ ಹೆಚ್ಚುಕಮ್ಮಿ ಅರ್ಧ ವೃತ್ತ. 10, 11 ಅದಕ್ಕಿಂತ ಆಳ. 39 ಇಂಗ್ಲಿಷಿನ 'ವಿ' ಅಕ್ಷರದ ಹಾಗೆ. ಅಗಲ ಎಷ್ಟು ಅನ್ನೋದು ಬೇರೆ ಲೆಕ್ಕ, ಅದನ್ನ ಇಂಚಲ್ಲೋ ಮಿಲಿಮೀಟರಲ್ಲೋ ಹೇಳ್ತಾರೆ.

ಬಿಕಾಂ ಗೆಳೆಯರಿಗೆ ಇದು ಥಟ್ಟನೆ ಅರ್ಥ ಆಗ್ಬೇಕು. ನಮ್ಮ ಜಿಎಸ್‌ಟಿ ಪೇಪರಿನ ಎಚ್‌ಎಸ್‌ಎನ್ ಕೋಡ್ ಇದ್ದ ಹಾಗೇ! ದೂರದೂರಿನ ಕೆತ್ತನೆಗಾರ ಕಾಗದದಲ್ಲಿ "9, ಕಾಲಿಂಚು" ಅಂತ ಬರೆದು ಕಳಿಸಿದ್ರೆ ಸಾಕು, ಅವನಿಗೆ ಬೇಕಾದ ಬಾಗೇ ಬರ್ತಿತ್ತು. (ಇವತ್ತಿಗೂ ಅದೇ ನಂಬರ್ ನಡೀತಿದೆ. ಸ್ವಿಸ್ ಉಳಿಗಳ ನಂಬರ್ ಮಾತ್ರ ಸ್ವಲ್ಪ ಆಚೀಚೆ, ಆರ್ಡರ್ ಮಾಡುವಾಗ ಹುಷಾರು.)

ಅಷ್ಟು ಆಕಾರ ಯಾಕೆ ಅಂದ್ರೆ, ಉಳಿ ತನ್ನ ಬಾಯಿಯ ಅಚ್ಚನ್ನೇ ಮರದಲ್ಲಿ ಬಿಟ್ಟು ಹೋಗುತ್ತೆ. ದಿನಗೂಲಿ ಕೆತ್ತನೆಗಾರನಿಗೆ ಒಂದೇ ಪೆಟ್ಟಿಗೆ ಎಲೆಯ ಅಂಚು ಬರಬೇಕು, ತಿದ್ದುತ್ತಾ ಕೂರೋಕೆ ಪುರುಸೊತ್ತಿಲ್ಲ. ಅವನಿಗೆ ಹತ್ತಾರು ಉಳಿ ಬೇಕೇ ಬೇಕು. ಆದ್ರೆ 1879ರಲ್ಲಿ ಲಂಡನ್ನಿನಲ್ಲಿ ಮರಗೆತ್ತನೆಯ ಕಲಾಶಾಲೆ ಶುರುವಾಯ್ತು, ಹವ್ಯಾಸಕ್ಕೆ ಕಲಿಯೋರೂ ಹೆಚ್ಚಿದ್ರು. ಆ ಶಾಲೆಯನ್ನ ನಡೆಸ್ತಿದ್ದ ಎಲಿನರ್ ರೋ ಅನ್ನೋ ಹೆಣ್ಣುಮಗಳು ಹೊಸಬರಿಗೆ ಅಂತಲೇ ಪುಸ್ತಕ ಬರೆದ್ರು. ನನ್ನಂಥವರ ತಲೆನೋವು ಆಗಲೇ ಇತ್ತು ಅಂತಾಯ್ತು.

ಇನ್ನು ಆಚಾರ್ರು ಹೇಳಿದ ಉಕ್ಕಿನ ವಿಷಯ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅನ್ನೋ ಗಡಿಯಾರ ತಯಾರಕನಿಗೆ ಸ್ಪ್ರಿಂಗ್ ಮಾಡೋಕೆ ಒಳ್ಳೆ ಉಕ್ಕು ಸಿಗ್ತಿರಲಿಲ್ಲ. ಆಗಿನ ಉಕ್ಕಲ್ಲಿ ಇಂಗಾಲ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಅವನು ಅದನ್ನ ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಒಂದೇ ಹದಕ್ಕೆ ತಂದ. ಶೆಫೀಲ್ಡಿನ ಒಳ್ಳೆ ಉಳಿಗಳ ಹೆಸರು ನಿಂತಿದ್ದು ಈ ಮೂಸೆ ಉಕ್ಕಿನ ಮೇಲೆ.

ಇಲ್ಲಿ ನಾನು ಫೋನ್ ಕೆಳಗಿಟ್ಟು ಎದ್ದು ಕೂತೆ. ಹಂಟ್ಸ್‌ಮನ್‌ಗಿಂತ ಎಷ್ಟೋ ಶತಮಾನ ಮುಂಚೆ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಉಕ್ಕು ಮಾಡ್ತಿದ್ರು! ವಿಧಾನ ಬೇರೆ: ಕಬ್ಬಿಣದ ಜೊತೆ ಕಟ್ಟಿಗೆ ಚೂರು, ಎಲೆ ಹಾಕಿ, ಮೂಸೆಯ ಬಾಯಿ ಮುಚ್ಚಿ ಕಾಯಿಸೋದು. ನಮ್ಮ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಅವಶೇಷ ಸಿಕ್ಕಿ ಸಂಶೋಧಕರು ಪರೀಕ್ಷೆ ಮಾಡಿದ್ದಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ. ಅದರಲ್ಲಿ ಅದರ ಹೆಸರು 'ವೂಟ್ಸ್'. ನಮ್ಮ 'ಉಕ್ಕು' ಅನ್ನೋ ಮಾತೇ ಅವರ ಬಾಯಲ್ಲಿ, ಬರಹದಲ್ಲಿ ಹಾಗಾಯ್ತು ಅಂತ ಬಹಳಷ್ಟು ವಿದ್ವಾಂಸರು ಹೇಳ್ತಾರೆ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನ ಹರಿತಕ್ಕಾಗಿ ಮೆಚ್ಚಿದ್ದ. ಅಷ್ಟೆಲ್ಲ ಆಗಿರೋ ನಾಡಲ್ಲಿ ಕೂತು ನಾನು ತಗಡಿನ ಸೆಟ್ ತರಿಸ್ಕೊಂಡಿದ್ದೀನಿ ನೋಡಿ.

ಸರಿ, ನನ್ನ ಆಯ್ಕೆ. ಅರ್ಧ ಇಂಚಿನ 3 ಒಂದು, ಕಾಲಿಂಚಿನ 9 ಒಂದು. 9ರಲ್ಲಿ ತೋಡೋದು, 3ರಲ್ಲಿ ನಯ ಮಾಡೋದು. 39ರ ಮೇಲೆ ಆಸೆ ಇದೆ, ಆದ್ರೆ ಅದಕ್ಕೆ ಎರಡು ಅಂಚು, ನಡುವೆ ಒಂದು ಮೂಲೆ. ಸಾಣೆ ಹಿಡಿಯೋಕೆ ಬರದವಳ ಕೈಯಲ್ಲಿ ಹಾಳಾಗೋದು ಗ್ಯಾರಂಟಿ. ಮಿಕ್ಕ ದುಡ್ಡಲ್ಲಿ ಸಾಣೆಕಲ್ಲು ಮತ್ತೆ ಒಂದು ಚರ್ಮದ ಪಟ್ಟಿ. ಕೊಡತಿ ಆಚಾರ್ರು ಕೊಡ್ತೀನಿ ಅಂದಿದ್ದಾರೆ.

ಕಡೇ ಫೋಟೋದಲ್ಲಿರೋದು ಚನ್ನಪಟ್ಟಣದ ಬೊಂಬೆಗೆ ಬಳಸೋ ಹಾಲೆ ಮರದ ತುಂಡು, ಮೆದು, ಹೊಸಬರಿಗೆ ಚೆನ್ನಾಗಿದೆ. ಅದರ ಮೇಲಿನ ಗೀರು ಎಲೆ ಅಂತ ತಿಳ್ಕೊಳ್ಳಿ ಪ್ಲೀಸ್. ಮೀನಾ ಅಂತ ಕೇಳಿದವರನ್ನ ಬ್ಲಾಕ್ ಮಾಡ್ತೀನಿ. ಭಾಗ 4ರಲ್ಲಿ ಸಾಣೆಕಲ್ಲು.