ಡಾಲ್ಫಿನ್ ಕಾರಿನ ಅಡಿಭಾಗ

ಬೆಂಗಳೂರಿನ ಸಿಪಾನಿ ಸಂಸ್ಥೆಯು 1982ರಲ್ಲಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ; 848 ಸಿಸಿ ಎಂಜಿನ್, ಉಕ್ಕಿನ ಚೌಕಟ್ಟಿನ ಮೇಲೆ ಫೈಬರ್‌ಗ್ಲಾಸಿನ ಮೈ. ಹಗುರವಾದ್ದರಿಂದ ಮದರಾಸಿನ ಬಳಿಯ ಶೋಲಾವರಂ ಪಂದ್ಯಗಳಲ್ಲಿಯೂ ಓಡಿ ಹೆಸರು ಮಾಡಿತು.

ಆ ಹೆಸರಿಗೆ ಮರುಳಾಗಿಯೇ ದೊಡ್ಡಬಳ್ಳಾಪುರದ ನನ್ನ ಸಹೋದ್ಯೋಗಿಯೊಬ್ಬರು ಭವಿಷ್ಯನಿಧಿಯಿಂದ ಸಾಲ ತೆಗೆದು ಹಳೆಯದೊಂದನ್ನು ಕೊಂಡರು. ಜೊತೆಗೆ ಹೋಗಿ ನೋಡಿ, ತುಕ್ಕಿನ ಚುಕ್ಕೆಯೂ ಇಲ್ಲವೆಂದು ಹೇಳಿದವನು ನಾನೇ. ಫೈಬರಿಗೆ ತುಕ್ಕೆಲ್ಲಿಂದ ಬಂದೀತು? ವಿಜ್ಞಾನ ಬೋಧಿಸುವವನಿಗೆ ಅದು ಹೊಳೆಯಲಿಲ್ಲ! ಮಳೆಗಾಲದ ನಂತರ ಗ್ಯಾರೇಜಿನವರು ಕಾರನ್ನು ಎತ್ತಿ, ಅಡಿಯಲ್ಲಿ ಹೊಸದಾಗಿ ಬಳಿದಿದ್ದ ಕಪ್ಪು ಬಣ್ಣವನ್ನು ಕೆರೆದರು; ಚೌಕಟ್ಟಿನ ಉಕ್ಕು ಹಪ್ಪಳದಂತೆ ಉದುರಿತು. ಮಾರಿದಾತ ಅಷ್ಟರಲ್ಲಿ ಊರು ಬಿಟ್ಟಿದ್ದ.

ಸಹೋದ್ಯೋಗಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಅವರ ಸಂಬಳದಲ್ಲಿ ಕಡಿತವಾಗುತ್ತಲೇ ಇತ್ತು.